ಮೂರು ಚೀಟಿಗಳ ನೀಲಿ ಅಂಚು

“ಟಾರ್ಚು ಸ್ವಲ್ಪ ಓರೆ ಮಾಡು ಮಗಾ,” ಎಂದೆ.

ರೆಕಾರ್ಡ್ ರೂಮಿನ ಸೋನಾಲಿ ತನ್ನ ಮೊಬೈಲನ್ನು ಫೈಲಿನ ಪುಟಕ್ಕೆ ಅಡ್ಡಲಾಗಿ ಹಿಡಿದಳು. ಬೆಳಕು ಓರೆಯಾಗಿ ಬಿದ್ದದ್ದೇ ತಡ, ಪುಟಕ್ಕೆ ಅಂಟಿಸಿದ್ದ ಚೀಟಿಯ ಕೆಳ ಅಂಚಿನಲ್ಲಿ ಅದು ಕಾಣಿಸಿತು. ತೆಳು ನೀಲಿ ಗೆರೆ. ಕಣ್ಣಿಗೆ ಕಂಡೂ ಕಾಣದ ಹಾಗೆ.

“ಪೆನ್ನಿನ ಇಂಕ್ ಕ್ಯಾ, ಮೌಶಿ?”

“ಇಂಕಾದ್ರೆ ಚುಕ್ಕೆ ಬೀಳ್ತದೆ. ಇದು ನೀರಲ್ಲಿ ನೆನೆದು ಒಣಗಿದ ಕಲೆ. ಇನ್ನೆರಡು ಫೈಲು ಕೊಡು.”

ಎರಡನೆಯದರಲ್ಲೂ ಅದೇ ನೀಲಿ, ಮೂರನೆಯದರಲ್ಲೂ ಅದೇ. ನನ್ನ ಕನ್ನಡಕ ಮೂಗಿನಿಂದ ಜಾರಿ ಮೇಜಿನ ಮೇಲೆ ಬಿತ್ತು. ಎತ್ತಿಕೊಳ್ಳುವಷ್ಟು ವ್ಯವಧಾನವೂ ನನಗಿರಲಿಲ್ಲ.

ಇದಿಷ್ಟು ನೆನಪಿದ್ದರೆ ಸಾಕು: ಮುಂಬಯಿ ಬಳಿಯ ಕಲ್ಯಾಣದ ಈ ಹೃದಯದ ಆಸ್ಪತ್ರೆಯಲ್ಲಿ ಮೂರು ವಾರದಲ್ಲಿ ಮೂವರಿಗೆ ಆಂಜಿಯೋಪ್ಲಾಸ್ಟಿಯಾದ ಎರಡೇ ದಿನಕ್ಕೆ ಚಳಿಜ್ವರ ಬಂದು, ಮೂವರ ರಕ್ತದಲ್ಲೂ ಒಂದೇ ಕ್ರಿಮಿ ಬೆಳೆದಿತ್ತು. ಮೂರು ಸಲವೂ ಡಾಕ್ಟರ ಪಕ್ಕದಲ್ಲಿ ನಿಂತಿದ್ದವಳು ನರ್ಸ್ ಕುಶಲ. ಶುಕ್ರವಾರ ಅವಳನ್ನು ಮನೆಗೆ ಕಳಿಸಿದ್ದರು. ಇವತ್ತು ಸೋಮವಾರ, ಸಂಜೆ ನಾಲ್ಕಕ್ಕೆ ಕಮಿಟಿ ಕೂತು ಅವಳ ಹೆಸರನ್ನು ಪೊಲೀಸರಿಗೆ ಬರೆದು ಕೊಡುವುದೋ ಬೇಡವೋ ಎಂದು ತೀರ್ಮಾನಿಸಲಿತ್ತು.

ಆಗ ಗಂಟೆ ಹನ್ನೊಂದೂ ಕಾಲು.

ನಾನು ಜಲಜಾಕ್ಷಿ. ಆಸ್ಪತ್ರೆಯೊಳಗೆ ಹುಟ್ಟುವ ಸೋಂಕು ಎಲ್ಲಿಂದ ಬಂತು ಎಂದು ಮೂವತ್ತೊಂದು ವರ್ಷ ಮೂಗು ತೂರಿಸಿದ ನರ್ಸು. ಈಗ ನಿವೃತ್ತಳಾಗಿ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಮಲ್ಲಿಗೆ ಕುಂಡಕ್ಕೆ ನೀರು ಹಾಕಿಕೊಂಡಿದ್ದವಳನ್ನು ಇಲ್ಲಿನ ಹಿರಿಯ ಡಾಕ್ಟರು ಕರೆಸಿದ್ದರು. ಕುಶಲ ನನ್ನ ಕೈಕೆಳಗೆ ಕಲಿತವಳು. ಅವಳು ಕೈ ತೊಳೆಯುವುದನ್ನು ನೋಡಿದರೆ ಸಾಬೂನಿಗೇ ಅಯ್ಯೋ ಅನಿಸಬೇಕು, ಅಷ್ಟು ತಿಕ್ಕುತ್ತಾಳೆ. ಅಂಥವಳಿಂದ ಇದು ಆಯಿತು ಎಂದರೆ ನಾನು ನಂಬುವವಳಲ್ಲ. ಆದರೆ ನನ್ನ ನಂಬಿಕೆಯನ್ನು ಕಮಿಟಿಯ ಮುಂದೆ ಇಡಲಿಕ್ಕೆ ಆಗುತ್ತದೆಯೇ?

ಚೀಟಿಯ ಸಂಗತಿ ಹೇಳುತ್ತೇನೆ. ಮುಂಗೈಯ ನಾಳದಿಂದ ತಂತಿ ತೂರಿಸಿ ಹೃದಯದ ತನಕ ಹೋಗುವಾಗ ರಕ್ತ ಹೆಪ್ಪುಗಟ್ಟದಿರಲಿ ಎಂದು ಕೆಲವರಿಗೆ ಒಂದು ಔಷಧ ಕೊಡುತ್ತಾರೆ. ಹೆಬ್ಬೆರಳಿನಷ್ಟು ಸೀಸೆ, ರಬ್ಬರಿನ ಮುಚ್ಚಳ, ತಂಪಿನಲ್ಲೇ ಇಡಬೇಕು. ಬಳಸಿದ ಮೇಲೆ ಸೀಸೆಯ ಚೀಟಿಯನ್ನು ಸುಲಿದು ರೋಗಿಯ ಫೈಲಿಗೆ ಅಂಟಿಸಬೇಕೆಂಬುದು ಇಲ್ಲಿಯ ನಿಯಮ. ಬೇರೆಯವರು ಹೇಗಾದರೂ ಒತ್ತಿಬಿಡುತ್ತಾರೆ. ಕುಶಲ ಅಂಟಿಸಿದ್ದು ಮಾತ್ರ ಅಳತೆಪಟ್ಟಿ ಇಟ್ಟ ಹಾಗೆ ನೆಟ್ಟಗಿರುತ್ತದೆ.

“ಈ ಮೂರು ವಾರದಲ್ಲಿ ಈ ಔಷಧ ತಗೊಂಡವರು ಒಟ್ಟು ಎಷ್ಟು ಜನ?”

ಸೋನಾಲಿ ಕಂಪ್ಯೂಟರ್ ನೋಡಿ ಹೇಳಿದಳು. “ಚೌದಾ.”

ಹದಿನಾಲ್ಕು ಫೈಲನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದೆವು. ಹನ್ನೊಂದು ಚೀಟಿಗಳು ಹಾಲಿನಷ್ಟು ಬಿಳುಪು. ಮೂರಕ್ಕೆ ಮಾತ್ರ ನೀಲಿ ಅಂಚು, ಆ ಮೂರೂ ಜ್ವರ ಬಂದವರದ್ದೇ.

ಬಾಗಿಲ ಬಳಿ ಬೂಟಿನ ಸದ್ದಾಯಿತು. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಪೃಥ್ವಿರಾಜ್. ಥಾಣೆ ನಗರದಿಂದ ದಿನಾ ಕಾರಿನಲ್ಲಿ ಬರುವ ಮನುಷ್ಯ, ಸೆಕೆಯಲ್ಲೂ ಟೈ ಸಡಿಲಿಸಿದವನಲ್ಲ.

“ಸಿಸ್ಟರ್, ಫೈಲಲ್ಲಿ ಎಂಥ ಸಿಗ್ತದೆ ನಿಮ್ಗೆ? ಮೂರು ಕೇಸಲ್ಲೂ ನರ್ಸ್ ಒಬ್ಬಳೇ. ಇಷ್ಟು ಸಿಂಪಲ್.”

“ಮೂರು ಕೇಸಲ್ಲೂ ಡಾಕ್ಟ್ರೂ ಒಬ್ರೇ ಅಲ್ವಾ? ಅವರನ್ನೂ ಮನೆಗೆ ಕಳಿಸಿದ್ರಾ?”

ಅವನು ಟೈ ಮುಟ್ಟಿಕೊಂಡ. “ಅವಳು ಕೈ ಸರಿ ತೊಳೆದಿಲ್ಲ. ರಕ್ತದ ರಿಪೋರ್ಟೇ ಉಂಟಲ್ಲ.”

“ರಿಪೋರ್ಟು ಓದಿದ್ದೀರಾ ನೀವು? ಇದು ಕೈಚರ್ಮದಲ್ಲಿ ಇರುವ ಕ್ರಿಮಿ ಅಲ್ಲ ಮಾರಾಯ್ರೆ. ನೀರಲ್ಲಿ ಇರುವಂಥದ್ದು. ನಲ್ಲಿ, ಡ್ರಮ್ಮು, ಟ್ಯಾಂಕಿ, ಅಂಥಾ ಕಡೆ. ಕೈ ಒಣಗಿದ್ರೆ ಸಾಯ್ತದೆ.”

“ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ, ಸಿಸ್ಟರ್. ಆಮೇಲೆ ನನ್ನ ಕೈಯಲ್ಲಿಲ್ಲ.”

ಬೂಟಿನ ಸದ್ದು ಬಂದಷ್ಟೇ ಚುರುಕಾಗಿ ಹೋಯಿತು. ನೀಲಿ ಬಣ್ಣದ ನೀರು ಹೃದಯದ ಔಷಧವನ್ನು ಎಲ್ಲಿ ಮುಟ್ಟಿತು? ಇದೊಂದು ಪ್ರಶ್ನೆ ಹಿಡಿದು ನಾನು ಮೂರನೇ ಮಹಡಿಗೆ ಹತ್ತಿದೆ. ಲಿಫ್ಟಿಗೆ ಕಾಯುವ ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ.

*

ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬಿನ ಹೊರಕೋಣೆಯಲ್ಲಿ ಟೆಕ್ನಿಷಿಯನ್ ಹಿತೇಶ್ ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ನುಗಳನ್ನು ತೂಗುಹಾಕುತ್ತಿದ್ದ. ಮೂವತ್ತೈದರ ಆಸುಪಾಸು, ನಗುಮುಖ. ಹುಟ್ಟಿದ್ದು ಬೆಳೆದದ್ದೆಲ್ಲ ಡೊಂಬಿವಲಿಯಲ್ಲಿ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ನನ್ನಂಥವರು ಸಿಕ್ಕಿದರೆ ಹಿಂದಿ ಬೆರೆಸಿದ ಕನ್ನಡ.

“ಆವೋ ಜಲಜಕ್ಕ. ಕುಶಲ ಮೇರಿ ಬೆಹನ್ ಜೈಸಿ. ಅವಳಿಗೋಸ್ಕರ ಏನು ಬೇಕಾದ್ರೂ ಕೇಳಿ, ಹೇಳ್ತೇನೆ.”

ನನ್ನ ಕಣ್ಣು ಮೂಲೆಗೆ ಹೋಗಿತ್ತು. ಅಲ್ಲಿ ಸೊಂಟದೆತ್ತರದ ಹೊಸ ಫ್ರಿಜ್ಜು. ಬಾಗಿಲಿನ ಪ್ಲಾಸ್ಟಿಕ್ಕನ್ನು ಇನ್ನೂ ಪೂರ್ತಿ ಸುಲಿದಿರಲಿಲ್ಲ.

“ಇದು ಯಾವಾಗ ಬಂತು?”

“ಗುರುವಾರ. ಹಳೇದು ತೀನ್ ಹಫ್ತೆಯಿಂದ ಖರಾಬ್. ಉಲ್ಹಾಸನಗರದ ಮೆಕ್ಯಾನಿಕ್ ದಿನಾ ‘ಉದ್ಯಾ ಉದ್ಯಾ’ ಅಂತಿದ್ದ. ಅವನ ನಾಳೆ ಬರ್ಲೇ ಇಲ್ಲ. ಗುರುವಾರ ಏಕ್‌ದಮ್ ಹೊಸದೇ ಬಂತು.”

“ಮೂರು ವಾರ ಔಷಧ ಎಲ್ಲಿಟ್ಟಿದ್ದೆ?”

“ಐಸಲ್ಲಿ ಅಕ್ಕ. ಎದುರಿಗೆ ರಘುಪತಿ ಅಣ್ಣನ ಹೋಟೆಲಿಂದ ಬಕೆಟಲ್ಲಿ ತರ್ತಿದ್ದೆ. ಫುಕಟ್ ಕೊಡ್ತಿದ್ರು ಪಾಪ.”

ಮುಚ್ಚುಮರೆ ಇಲ್ಲದೆ ಹೇಳಿದ. ಇಂಥ ನೇರ ಮನುಷ್ಯರು ಆಸ್ಪತ್ರೆಗೆ ನಾಲ್ಕು ಜನ ಇದ್ದರೆ ನನ್ನಂಥವರಿಗೆ ಕೆಲಸವೇ ಇರುವುದಿಲ್ಲ ಎಂದುಕೊಂಡೆ.

“ಸೀಸೆಗಳು ನಿಂತಿರ್ತಿದ್ವಾ, ಮಲಗಿರ್ತಿದ್ವಾ?”

“ಸ್ಟ್ಯಾಂಡಲ್ಲಿ ಆರು ನಿಲ್ತದೆ. ಜಾಸ್ತಿ ಇದ್ರೆ ಹಾಗೇ ಐಸಲ್ಲಿ ಚುಚ್ಚಿ ಇಡೋದು. ಐಸ್ ಕರಗಿದ್ರೆ ಬೀಳ್ತವೆ.”

“ಬಿದ್ದದ್ದು ನೀರೊಳಗೆ ಮುಳುಗಿರ್ತದೆ.”

“ಹಾಂ. ತೆಗೆದು ಒರೆಸಿ ಕೊಡ್ತೇನಲ್ಲ. ನಾನು ಸೀಸೆ ಹಿಡಿದು ಕೊಡೋದು, ಕುಶಲ ಸೂಜಿ ಚುಚ್ಚಿ ಔಷಧ ಎಳೆಯೋದು. ಅವಳ ಕೈ ಸೀಸೆಗೆ ತಾಗೋದೇ ಇಲ್ಲ.”

“ಮುಚ್ಚಳಕ್ಕೆ ಸ್ಪಿರಿಟ್ ಹಚ್ಚಿಯೇ ಕೊಡ್ತಿದ್ದೆಯಾ?”

ಅವನ ಕೈಯಲ್ಲಿದ್ದ ಏಪ್ರನ್ನು ಒಂದು ಗಳಿಗೆ ಹಾಗೇ ನಿಂತಿತು. “ಜ್ಯಾದಾತರ್ ಹಚ್ತೇನೆ ಅಕ್ಕ. ಎಮರ್ಜೆನ್ಸಿಯಲ್ಲಿ… ಬಟ್ಟೆಯಲ್ಲಿ ಒರೆಸಿ ಕೊಟ್ಟದ್ದುಂಟು.”

“ಐಸು ನೀಲಿ ಇತ್ತಾ?”

“ನೀಲಿ? ಬಕೆಟೇ ನೀಲಿ ಅಲ್ವಾ ಅಕ್ಕ, ಗೊತ್ತಾಗ್ಲಿಲ್ಲ.”

ಮತ್ತೇನಾದರೂ ನೆನಪಾದರೆ ಫೋನ್ ಮಾಡು ಎಂದು ನನ್ನ ನಂಬರ್ ಹೇಳಿದೆ. ಅವನು ‘ಜಲಜಕ್ಕ’ ಎಂದು ಸೇವ್ ಮಾಡಿಕೊಂಡು, ಹೆಸರು ಸರಿ ಇದೆಯಾ ಎಂದು ನನಗೆ ತೋರಿಸಿಯೂ ತೋರಿಸಿದ.

*

ರಘುಪತಿ ರಾಯರ ಹೋಟೆಲು ಆಸ್ಪತ್ರೆಯ ಗೇಟಿನೆದುರೇ. ಮೂವತ್ತು ವರ್ಷದಿಂದ ಅದೇ ಜಾಗ, ಅದೇ ಸಾಂಬಾರಿನ ಪರಿಮಳ. ಗಲ್ಲಾದ ಹಿಂದೆ ಉಡುಪಿ ಕೃಷ್ಣನ ಪಟ, ಅದರ ಪಕ್ಕದಲ್ಲೇ ಇನ್ನೊಂದು ಪಟ. ಅದರಲ್ಲಿ ಹಸಿರು ಬಟ್ಟೆ ತೊಟ್ಟ ಡಾಕ್ಟರು, ಕುಶಲ, ಹಿತೇಶ್, ನಡುವೆ ಗಾಲಿಕುರ್ಚಿಯಲ್ಲಿ ರಾಯರು. ಎರಡು ವರ್ಷದ ಹಿಂದೆ ಅವರ ಎದೆಗೆ ಎರಡು ಸ್ಟೆಂಟು ಹಾಕಿದ ದಿನದ್ದು. ಎರಡೂ ಪಟಕ್ಕೆ ಬೆಳಿಗ್ಗೆ ಒಂದೇ ಅಳತೆಯ ಹೂವು.

“ಬನ್ನಿ ಸಿಸ್ಟರ್, ಕಾಫಿ ತಗೊಳ್ಳಿ. ಕುಶಲನ ವಿಷಯ ಎಂತಾಯ್ತು?”

“ಅದಕ್ಕೇ ಬಂದದ್ದು ರಾಯರೇ. ನಿಮ್ಮ ಐಸು ನೋಡ್ಬೇಕಿತ್ತು.”

ರಾಯರ ಮುಖ ಚೂರು ಬಿಗಿಯಿತು. ಹೋಟೆಲಿನವರಿಗೆ ಅಡಿಗೆಮನೆ ನೋಡಬೇಕು ಎಂದರೆ ಜಾತಕ ತೋರಿಸಿ ಎಂದ ಹಾಗೆ. ಆದರೂ ಕರೆದುಕೊಂಡು ಹೋದರು.

ಹಿಂಬದಿಯಲ್ಲಿ ಅವರ ಹೆಂಡತಿ ರಮಾಮಣಿಯಮ್ಮ ಎರಡು ಪಾತ್ರೆಗಳ ನಡುವೆ ಕಾವಲು ನಿಂತವರಂತೆ ನಿಂತಿದ್ದರು. ಒಂದು ಸ್ಟೀಲಿನ ಡಬ್ಬಿ, ಮುಚ್ಚಳ ಸಮೇತ. ಅದರಲ್ಲಿ ಬಿಳಿ ಐಸು. ಇನ್ನೊಂದು ಬಾಯಿ ತೆರೆದ ದೊಡ್ಡ ಡ್ರಮ್ಮು. ಅದರಲ್ಲಿ ಸೋಡಾ ಬಾಟ್ಲಿಗಳು ಕುತ್ತಿಗೆ ತನಕ ಮುಳುಗಿದ್ದವು. ಗೋಣಿ ಸರಿಸಿ ಬಗ್ಗಿ ನೋಡಿದೆ. ತುಂಡು ತುಂಡು ಐಸು, ತಿಳಿ ನೀಲಿ. ಕರಗಿದ ನೀರೂ ನೀಲಿ.

ನನಗೆ ಸಂತೋಷವೇ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

“ಇದು ಯಾಕೆ ನೀಲಿ, ರಮಾಮಣಿಯಮ್ಮ?”

“ತಿನ್ಲಿಕ್ಕೆ ಆಗದ ಐಸು ಅಂತ ಗುರ್ತಿಗೆ ಫ್ಯಾಕ್ಟರಿಯವರೇ ಬಣ್ಣ ಹಾಕುದು. ಶಹಾಡ್ ಕಡೆಯಿಂದ ಐಸಿನ ದೊಡ್ಡ ಗಡ್ಡೆ ಬರ್ತದೆ, ಲಾದಿ ಅಂತ. ಇದು ಬಾಟ್ಲಿ ತಂಪು ಮಾಡ್ಲಿಕ್ಕೆ ಮಾತ್ರ. ಜ್ಯೂಸಿಗೆ ಬಿಳಿದೇ. ಈ ಡ್ರಮ್ಮಿಗೆ ಹಾಕಿದ ಚಮಚ ಆ ಡಬ್ಬಿಗೆ ತಾಗಿದ್ರೆ ನಾನು ಕೆಲ್ಸದವರಿಗೆ ಬಯ್ಯದೆ ಬಿಡುದಿಲ್ಲ.”

“ಆಸ್ಪತ್ರೆಗೆ ಯಾವುದು ಕೊಟ್ರಿ?”

ಈಗ ರಾಯರೇ ಮುಂದೆ ಬಂದರು. ಧ್ವನಿ ಏರಿತ್ತು.

“ನೀಲಿದೇ ಕೊಟ್ಟದ್ದು. ಅದರಲ್ಲಿ ಎಂತ ತಪ್ಪುಂಟು? ಔಷಧದ ಬಾಟ್ಲಿ ಹೊರಗಿಂದ ತಂಪು ಮಾಡ್ಲಿಕ್ಕೆ ತಾನೇ? ಅದರೊಳಗೆ ಹಾಕ್ಲಿಕ್ಕೆ ಕೊಟ್ಟದ್ದಾ? ಮೂವತ್ತು ವರ್ಷದಲ್ಲಿ ನನ್ನ ಹೋಟ್ಲಲ್ಲಿ ಒಬ್ಬನಿಗೆ ಹೊಟ್ಟೆನೋವು ಬಂದದ್ದು ತೋರ್ಸಿ ನೋಡುವ! ನನ್ನ ಐಸಿನ ಬಗ್ಗೆ ಮಾತಾಡ್ಬೇಡಿ ಸಿಸ್ಟರ್.”

ಗಿರಾಕಿಗಳು ತಿರುಗಿ ನೋಡಿದರು. ನಾನು ಡ್ರಮ್ಮಿನಿಂದ ಒಂದು ಸೋಡಾ ಬಾಟ್ಲಿ ಎತ್ತಿ ಅವರ ಕೈಗೆ ಕೊಟ್ಟೆ.

“ಒಂದು ಸೋಡಾ ಒಡೆದು ಕೊಡಿ ರಾಯರೇ. ಬಾಯಾರಿದೆ.”

ಸಿಟ್ಟಿನಲ್ಲೂ ಅವರ ಕೈ ತನ್ನ ಕೆಲಸ ಮರೆಯಲಿಲ್ಲ. ಹೆಗಲ ಬಟ್ಟೆಯಿಂದ ಬಾಟ್ಲಿ ಒರೆಸಿದರು, ಓಪನರ್ ಇಟ್ಟರು, ಟಪ್ ಎಂದು ಮುಚ್ಚಳ ಹಾರಿಸಿದರು. ನನಗೆ ಚಾಚಿದರು.

“ಮುಚ್ಚಳ ಎಲ್ಲಿ?”

“ಕಸದ ಡಬ್ಬಿಗೆ ಹೋಯ್ತು. ಯಾಕೆ?”

ಕ್ಯಾಥ್ ಲ್ಯಾಬಿನಿಂದ ಕೇಳಿ ತಂದಿದ್ದ ಖಾಲಿ ಸೀಸೆಯನ್ನು ಚೀಲದಿಂದ ತೆಗೆದು ಅವರ ಅಂಗೈಯಲ್ಲಿಟ್ಟೆ. “ಇದರ ಮುಚ್ಚಳ ತೆಗೆದು ಕೊಡಿ ನೋಡುವ.”

ರಾಯರು ಉಗುರಿನಿಂದ ಕೆದಕಿದರು. ಬರಲಿಲ್ಲ.

“ತೆಗೆಯುದಿಲ್ಲ, ರಾಯರೇ. ಇದರ ಮುಚ್ಚಳ ತೆಗೆಯುವ ಕ್ರಮವೇ ಇಲ್ಲ. ಸೂಜಿ ಅದರ ಮೇಲೆಯೇ ಚುಚ್ಚುದು. ರಬ್ಬರಿನ ಮೇಲೆ ನಿಮ್ಮ ಡ್ರಮ್ಮಿನ ನೀರು ಒಂದು ಹನಿ ಇದ್ರೆ, ಸೂಜಿಯ ಜೊತೆಗೆ ಒಳಗೆ. ಅಲ್ಲಿಂದ ರಕ್ತಕ್ಕೆ.”

ಅವರು ಸೀಸೆಯನ್ನೂ ನೋಡಿದರು, ಡ್ರಮ್ಮನ್ನೂ ನೋಡಿದರು. ಆಮೇಲೆ ಅಲ್ಲೇ ಇದ್ದ ಅಕ್ಕಿಮೂಟೆಯ ಮೇಲೆ ಕುಳಿತುಬಿಟ್ಟರು.

ಹೋಟೆಲಿನಲ್ಲಿ ಇಡೀ ಆಯುಷ್ಯ ಸವೆಸಿದವರು ಮಾತ್ರ ಮಾಡಬಹುದಾದ ತಪ್ಪಿದು. ತಿನ್ನುವ ಐಸು, ತಿನ್ನದ ಐಸು ಎಂದು ಚಮಚ ಕೂಡ ಬೇರೆ ಮಾಡಿದವರು. ಬಾಟ್ಲಿಯ ಹೊರಗು ಬೇರೆ, ಒಳಗು ಬೇರೆ ಎಂಬ ಲೆಕ್ಕ ಅವರದ್ದು, ಸೋಡಾದ ಮಟ್ಟಿಗೆ ಅದು ನೂರಕ್ಕೆ ನೂರು ಸರಿ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಕನಿಕರವೇ ಬಂತು.

“ನನ್ನ ಜೀವ ಉಳಿಸಿದ ಜಾಗ ಅದು,” ಎಂದರು. “ಅಲ್ಲಿಗೆ ನಾನೇ… ಮೂರು ಜನ…”

“ಮೂವರೂ ಬದುಕಿದ್ದಾರೆ. ಇಬ್ಬರು ಮನೆಗೆ ಹೋಗಿಯಾಗಿದೆ. ಮೂರನೆಯವರು ವಸಂತಕುಮಾರ್ ಅಂತ, ಐಸಿಯುನಲ್ಲಿದ್ರು. ಬೆಳಿಗ್ಗೆಯಿಂದ ಅವರಿಗೂ ಜ್ವರ ಇಲ್ಲ. ಈಗ ಉಳಿದಿರುವುದು ಕುಶಲ ಒಬ್ಬಳೇ. ನಾಲ್ಕು ಗಂಟೆಗೆ ನೀವು ಬಂದು ಹೇಳಿದ್ರೆ ಅವಳೂ ಉಳೀತಾಳೆ.”

“ಹೋಟ್ಲಿನ ಹೆಸ್ರು ಹೋಗ್ತದೆ ಸಿಸ್ಟರ್.”

ನಾನು ಬಾಯಿ ತೆರೆಯುವ ಮೊದಲೇ ರಮಾಮಣಿಯಮ್ಮ ಮಾತಾಡಿದರು. “ಸ್ಟೆಂಟು ಹಾಕುವ ದಿನ ನಿಮ್ಮ ಕೈ ನಡುಗುತ್ತಿತ್ತು. ಕೈ ಹಿಡ್ಕೊಂಡು ‘ಅಣ್ಣಾ ಹೆದರ್ಬೇಡಿ’ ಅಂತ ಹೇಳಿದ್ದು ಆ ಹುಡುಗಿಯೇ ಅಲ್ವಾ? ಏಳಿ. ಅಂಗಿ ಬದ್ಲಿಸಿ. ನಾನೂ ಬರ್ತೇನೆ.”

ರಾಯರು ಎದ್ದರು.

ನಾನು ಡ್ರಮ್ಮಿನ ನೀರನ್ನು ಶುದ್ಧ ಬಾಟ್ಲಿಗೆ ತುಂಬಿಸಿ, ಮುಚ್ಚಿ, ಫೋಟೊ ತೆಗೆದೆ. ನವಿ ಮುಂಬಯಿಯ ಕಾಮೋಠೆಯಲ್ಲಿ ನೀರು ಪರೀಕ್ಷಿಸುವ ಖಾಸಗಿ ಲ್ಯಾಬೊಂದಿದೆ. ಅಲ್ಲಿಯ ತೃಪ್ತಿ ಹುಬ್ಬಳ್ಳಿ ಕಡೆಯವಳು, ನನ್ನ ಹಳೆಯ ಪರಿಚಯ. ಅವಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಫೋಟೊ ಕಳಿಸಿ, ‘ಕಲ್ಯಾಣದ ಹೃದಯದ ಆಸ್ಪತ್ರೆ ಎದುರಿನ ಹೋಟೆಲಿನ ಐಸಿನ ನೀರು, ನಾಳೆ ತರುತ್ತೇನೆ’ ಎಂದು ಬರೆದೆ.

*

ಕಮಿಟಿಯ ಕತೆಯನ್ನು ಉದ್ದ ಮಾಡುವುದಿಲ್ಲ. ನಾಲ್ಕು ಗಂಟೆಗೆ ಮೂರು ಫೈಲುಗಳನ್ನು ಮೇಜಿನ ಮೇಲಿಟ್ಟು ಟಾರ್ಚು ಓರೆಯಾಗಿ ಹಿಡಿದೆ. ಹಿರಿಯ ಡಾಕ್ಟರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. ಬಕೆಟಿನ ವಿಷಯವನ್ನು ಹಿತೇಶ್ ಎದ್ದು ನಿಂತು ಹೇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ರಘುಪತಿ ರಾಯರು ಕೈಮುಗಿದು, “ಐಸು ನನ್ನದು, ಗೊತ್ತಿಲ್ಲದೆ ಆಯ್ತು, ಆ ಹುಡುಗಿಯನ್ನು ಬಿಟ್ಟುಬಿಡಿ,” ಎಂದರು. ಅಷ್ಟು ಹೇಳಿ ಕುಳಿತುಕೊಳ್ಳುವುದನ್ನೂ ಮರೆತು ನಿಂತೇ ಇದ್ದರು.

“ತಪ್ಪು ನಿಮ್ಮದಲ್ಲ ರಾಯರೇ,” ಎಂದರು ಡಾಕ್ಟರು. “ಮೂರು ವಾರ ಒಂದು ಫ್ರಿಜ್ ಕೊಡದ ನಮ್ಮದು. ಪೃಥ್ವಿರಾಜ್, ಆ ಪೊಲೀಸ್ ಕಾಗದ ಎಲ್ಲಿ?”

ಪೃಥ್ವಿರಾಜ್ ಕೊಟ್ಟ. ಡಾಕ್ಟರು ಅದನ್ನು ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು. ಅಂಥ ಇಂಪಾದ ಸದ್ದನ್ನು ನಾನು ಈಚೆಗೆ ಕೇಳಿರಲಿಲ್ಲ.

ಕುಶಲ ಶಹಾಡಿನ ಮನೆಯಿಂದ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಮೂರು ದಿನ ಸರಿ ಉಂಡಿರಲಿಲ್ಲ, ನಿದ್ದೆ ಮಾಡಿರಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಬಾಗಿಲು ತೆರೆದು ತಲೆಯಾಡಿಸಿದೆ, ಅಷ್ಟೇ. ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು.

“ನಿಜವಾಗ್ಲೂ ಮುಗೀತಾ ಜಲಜಕ್ಕ? ಪೊಲೀಸ್ ಬರಲ್ಲ ಅಲ್ವಾ?”

“ಯಾವ ಪೊಲೀಸೂ ಇಲ್ಲ, ಎಂತದೂ ಇಲ್ಲ. ನಾಳೆ ಡ್ಯೂಟಿ. ಮೊದ್ಲು ಹೊಟ್ಟೆಗೆ ಏನಾದ್ರೂ ಹಾಕು.”

ಅವಳು ಅತ್ತಳು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ. ಅಷ್ಟು ಹೊತ್ತಿಗೆ ವಸಂತಕುಮಾರರ ಹೆಂಡತಿ ಶರ್ಮಿಳಾ ವಾರ್ಡಿನಿಂದ ಬಂದರು. ಗಂಡನನ್ನು ಐಸಿಯುನಿಂದ ವಾರ್ಡಿಗೆ ತಂದಿದ್ದರಂತೆ. ಗಂಜಿ ಕೇಳಿದ್ದಾರೆ, ಜೊತೆಗೆ ಮಿಡಿ ಉಪ್ಪಿನಕಾಯಿಯೂ ಬೇಕೇ ಬೇಕು ಎಂದು ನರ್ಸಿನ ಜೊತೆ ಜಗಳಕ್ಕೆ ನಿಂತಿದ್ದಾರೆ ಎಂದು ಹೇಳುತ್ತಾ ನಕ್ಕರು. ಉಪ್ಪಿನಕಾಯಿಗೆ ಜಗಳ ಮಾಡುವ ಮನುಷ್ಯ ಇನ್ನು ಹೆದರಬೇಕಾಗಿಲ್ಲ.

ರಮಾಮಣಿಯಮ್ಮ ಹೋಟೆಲಿನಿಂದ ಒಂದು ದೊಡ್ಡ ತಟ್ಟೆ ತುಂಬ ಕಾಶಿಹಲ್ವ ತರಿಸಿದರು. ಹಿತೇಶ್ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಹೋಗಿ ಹಂಚತೊಡಗಿದ. ಮೊದಲ ತುಂಡು ಕುಶಲಳಿಗೆ. ಪೃಥ್ವಿರಾಜ್ ಕೂಡ ಒಂದು ತುಂಡು ತೆಗೆದುಕೊಂಡು, ಟೈಗೆ ತುಪ್ಪ ತಾಗದ ಹಾಗೆ ತಿಂದ. ಕಮಿಟಿ ರೂಮು ಮದುವೆಮನೆಯ ಹಾಗೆ ಗಲಗಲ ಎನ್ನುತ್ತಿತ್ತು. ಮನೆಗೆ ಹೋಗಿ ಮಲ್ಲಿಗೆ ಕುಂಡಕ್ಕೆ ನೀರು ಹಾಕಬೇಕು ಎಂದು ನಾನು ಚೀಲ ಹೆಗಲಿಗೇರಿಸಿದೆ.

ಆಗ ತೃಪ್ತಿಯ ಫೋನು ಬಂತು.

“ಅಕ್ಕಾರ, ನಿಮ್ಮ ಫೋಟೊ ನೋಡೀನ್ರೀ. ಅದೇ ನೀರು ಮತ್ಯಾಕ ಕಳಸಾಕತ್ತೀರಿ?”

“ಮತ್ತೆ ಅಂದ್ರೆ? ನಾನು ಕಳಿಸ್ತಿರೋದು ಇದೇ ಮೊದಲು.”

“ಹತ್ತು ದಿನದ ಹಿಂದನೇ ಆ ಹೃದಯದ ಆಸ್ಪತ್ರಿ ಹೆಸರಿಲೆ ಬಂದಿತ್ತಲ್ರೀ. ಹಿಂಗ ನೀಲಿ ನೀರು, ಐಸಿನ ನೀರು ಅಂತ ಬರದಿದ್ರು. ಅದರಾಗ ಕ್ರಿಮಿ ಬೆಳದಿತ್ತು. ಹೋದ ಸೋಮವಾರ ಸಂಜಿಗೆ ರಿಪೋರ್ಟ್ ಒಯ್ದಾರ.”

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಹೋದ ಸೋಮವಾರ. ವಸಂತಕುಮಾರರ ಆಂಜಿಯೋಪ್ಲಾಸ್ಟಿ ನಡೆದದ್ದು ಮಂಗಳವಾರ. ಹೊಸ ಫ್ರಿಜ್ಜು ಬಂದದ್ದು ಗುರುವಾರ, ಅವರಿಗೆ ಜ್ವರ ಏರಿದ ಮೇಲೆ. ಅಂದರೆ ಯಾರಿಗೋ ಗೊತ್ತಿತ್ತು. ಗೊತ್ತಿದ್ದೂ ಮಂಗಳವಾರ ಅದೇ ಬಕೆಟಿನ ಸೀಸೆ ಆ ಮನುಷ್ಯನ ರಕ್ತಕ್ಕೆ ಹೋಗಿತ್ತು. ಗೊತ್ತಿದ್ದೂ ಶುಕ್ರವಾರ ಈ ಹುಡುಗಿಯನ್ನು ಮನೆಗೆ ಕಳಿಸುವುದನ್ನು ನೋಡುತ್ತಾ ನಿಂತಿದ್ದರು.

“ಯಾರು ಕೊಟ್ಟದ್ದು ತೃಪ್ತಿ? ಹೆಸರೇನು ಬರೆದಿದೆ?”

“ಕುಶಲ ಅಂತ ಐತ್ರೀ.”

ತಿರುಗಿ ನೋಡಿದೆ. ಕುಶಲ ಬೆರಳಿಗೆ ಅಂಟಿದ ಹಲ್ವ ನೆಕ್ಕುತ್ತಾ ರಾಯರೊಂದಿಗೆ ನಗುತ್ತಿದ್ದಳು. ಹತ್ತಿರ ಹೋಗಿ ಕಿವಿಯಲ್ಲಿ ಕೇಳಿದೆ. “ನೀನು ಯಾವತ್ತಾದ್ರೂ ಕಾಮೋಠೆಯ ಲ್ಯಾಬಿಗೆ ನೀರು ಕೊಟ್ಟದ್ದುಂಟಾ?”

“ಕಾಮೋಠೆ? ನಾನು ಆ ಪನ್ವೇಲ್ ಕಡೆ ಹೋಗಿಯೇ ಇಲ್ಲ ಅಕ್ಕ. ಯಾಕೆ?” 

ಅವಳ ಕಣ್ಣನ್ನು ನೇರ ನೋಡಿದೆ. ಹತ್ತು ವರ್ಷದಿಂದ ನೋಡಿದ ಕಣ್ಣು, ಅದರಲ್ಲಿ ಸುಳ್ಳಿರಲಿಲ್ಲ. ಏನಿಲ್ಲ ಎಂದು ಅವಳ ಬೆನ್ನು ತಟ್ಟಿ ಮತ್ತೆ ಕಿಟಕಿಗೆ ಬಂದೆ.

“ತೃಪ್ತಿ, ರಿಪೋರ್ಟ್ ತಯಾರಾದ್ರೆ ಮೆಸೇಜ್ ಹೋಗ್ತದಲ್ಲ, ಆ ಮೊಬೈಲ್ ನಂಬರ್ ಓದು.”

ಸುಳ್ಳು ಹೆಸರು ಯಾರು ಬೇಕಾದರೂ ಕೊಡಬಹುದು. ಸುಳ್ಳು ನಂಬರ್ ಕೊಟ್ಟರೆ ರಿಪೋರ್ಟಿನ ಸುದ್ದಿ ಬರುವುದಿಲ್ಲ. ತೃಪ್ತಿ ಓದಿದ ಹತ್ತು ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡೆ. ಅವಳ ಫೋನು ಇಟ್ಟು ಆ ನಂಬರ್ ಒತ್ತಿದೆ.

ರೂಮಿನಲ್ಲೇ ಒಂದು ಫೋನು ರಿಂಗಾಯಿತು.

ಪೃಥ್ವಿರಾಜ್ ತನ್ನ ಜೇಬು ಮುಟ್ಟಿ ನೋಡಿ ಕೈ ತೆಗೆದ. ರಾಯರು ಗಲ್ಲಾದ ಫೋನೆಂದು ಅಭ್ಯಾಸಬಲದಿಂದ ತಲೆಯೆತ್ತಿದರು. ಹಿತೇಶ್ ಮಾತ್ರ ಅಲುಗಾಡಲಿಲ್ಲ. ಎರಡೂ ಕೈಯಲ್ಲಿ ಹಲ್ವದ ತಟ್ಟೆ, ಎದೆಯ ಜೇಬಿನಲ್ಲಿ ಬೆಳಗುತ್ತಿದ್ದ ಫೋನು.

“ಹಿತೇಶಣ್ಣ, ಕೈ ಖಾಲಿ ಇಲ್ಲ ನಿಮ್ದು. ತಡೀರಿ, ನಾನು ತೆಗೀತೇನೆ,” ಎಂದು ಕುಶಲ ಅವನ ಜೇಬಿನಿಂದ ಫೋನು ಎಳೆದಳು. ಪರದೆ ನೋಡಿ ಕಿಲಕಿಲ ನಕ್ಕಳು.

“ಅಯ್ಯೋ, ಜಲಜಕ್ಕ, ನಿಮ್ದೇ ಕಾಲ್! ಇಲ್ಲೇ ನಿಂತ್ಕೊಂಡು ಯಾಕೆ ಫೋನ್ ಮಾಡ್ತಿದ್ದೀರಿ?”

ಐಸು ನೀಲಿ ಎಂದು ಗೊತ್ತೇ ಆಗಲಿಲ್ಲ ಎಂದಿದ್ದ ಹಿತೇಶ್ ನನ್ನನ್ನೇ ನೋಡುತ್ತಿದ್ದ, ತಟ್ಟೆಯನ್ನು ಮಾತ್ರ ಕೆಳಗಿಡಲಿಲ್ಲ.